ಕೆಂಚನ ಒರಗು

ಹೊಟ್ಟೆ ಅಡಿಯಾಗಿ ನೆಲದ ಮೇಲೆ ಮಲಗಿ ದುಡಿದು ತಿನ್ನುವ ಹೆಂಗಸು ನಮ್ಮೂರಿನಲ್ಲಿ ನಾನೊಬ್ಬಳೇ. ನಾಯಿಯ ಕಣ್ಣು ಎಷ್ಟು ಎತ್ತರದಲ್ಲಿರುತ್ತದೋ ಕ್ಯಾಮೆರಾದ ಕಣ್ಣೂ ಅಷ್ಟೇ ಎತ್ತರದಲ್ಲಿರಬೇಕು ಎಂದು ಅಪ್ಪ ಕಲಿಸಿ ಹೋದ. ನಿಂತುಕೊಂಡು ಮೇಲಿನಿಂದ ತೆಗೆದರೆ ಎಂಥ ಸಾಧು ನಾಯಿಯೂ ಕಳ್ಳನ ಹಾಗೆ ಕಾಣುತ್ತದೆ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಮಲಗುವುದು, ಏಳುವುದು, ಮತ್ತೆ ಮಲಗುವುದು. ಈಗೀಗ ನಾನು ಏಳುವಾಗ ಮೊಣಕಾಲಿನಿಂದ ಹೊರಡುವ ಸದ್ದಿಗೆ ನಾಯಿಗಳು ಕಿವಿ ನಿಮಿರಿಸುತ್ತವೆ. ಅದೂ ಒಂದು ಲಾಭವೇ ಅನ್ನಿ, ಕಿವಿ ನಿಮಿರಿಸಲು ಬೇರೆ ಪೀಪಿ ಊದಬೇಕಾಗಿಲ್ಲ.

ನಮ್ಮೂರಿನಲ್ಲಿ ಮನುಷ್ಯರು ಫೋಟೊದಲ್ಲಿ ಬೀಳುವುದಿಲ್ಲ. ಬೆಂಚು ಬೀಳುತ್ತದೆ, ಹಿಂದಿನ ನೀಲಿ ಪರದೆ ಬೀಳುತ್ತದೆ, ನಾಯಿ ಅದರ ಒಂದೊಂದು ಮೀಸೆಯ ಕೂದಲಿನ ಸಮೇತ ಬೀಳುತ್ತದೆ. ಬೆಂಚಿನ ಮೇಲೆ ಕೂತವರು ಮಾತ್ರ ಇಲ್ಲ. ಅವರ ಕೋಟು, ಸೀರೆಯ ಜರಿ, ಮುಡಿದ ಹೂವು ಯಾವುದೂ ಇಲ್ಲ. ಪರವೂರಿನಿಂದ ಬಂದ ಅಪ್ಪ ಪಾಪ, 'ಮುಖಕಮಲ ಸ್ಟುಡಿಯೊ' ಎಂದು ಬೋರ್ಡು ಬರೆಸಿಕೊಂಡೇ ಬಂದಿದ್ದನಂತೆ. ಮೊದಲ ಗಿರಾಕಿಯ ಫೋಟೊ ತೊಳೆದು ನೋಡಿ, ಕೆಟ್ಟದ್ದು ಕ್ಯಾಮೆರಾವೋ ತನ್ನ ಹಣೆಬರಹವೋ ತಿಳಿಯದೆ ಊಟ ಬಿಟ್ಟು ಕೂತಿದ್ದನಂತೆ. ಕೊನೆಗೆ ಆ ಗಿರಾಕಿಯೇ ಬಂದು, "ನಾಯಿ ಕರ್ಕೊಂಡು ಬಾ ಅಂತ ನೀವು ಹೇಳ್ಲೇ ಇಲ್ವಲ್ಲ ಸ್ವಾಮಿ" ಎಂದು ತಾನೇ ಬೈದನಂತೆ. ಬೋರ್ಡನ್ನು ಅಪ್ಪ ಬದಲಾಯಿಸಲಿಲ್ಲ. ನಾನೂ ಬದಲಾಯಿಸಿಲ್ಲ.

ಇಲ್ಲಿ ಎಲ್ಲರೂ ನೋಡುವುದು ಒರಗನ್ನು. ಪಕ್ಕದಲ್ಲಿ ಕೂತವರ ಮೇಲೆ ನಾಯಿ ಹೇಗೆ ಒರಗಿದೆ ಎಂಬುದನ್ನು. ಫೋಟೊದಲ್ಲಿ ಅದು ಬರೀ ಗಾಳಿಗೆ ಒರಗಿದ ಹಾಗೆ ಕಾಣುತ್ತದೆ, ಆದರೆ ಓದಲು ಬರುವವರಿಗೆ ಅಷ್ಟೇ ಸಾಕು. ಭುಜ ತಾಗಿಸಿದ್ದರೆ ಒಂದು ಅರ್ಥ, ತಲೆಯನ್ನು ತೊಡೆಯ ಜಾಗದಲ್ಲಿ ಇಟ್ಟಿದ್ದರೆ ಒಂದು ಅರ್ಥ, ನಡುವೆ ಒಂದು ಗೇಣು ಜಾಗ ಬಿಟ್ಟು ಕೂತಿದ್ದರೆ ಇನ್ನೊಂದು. ಹೆಣ್ಣಿನ ಕಡೆಯವರು ಗಂಡಿನ ಇಲ್ಲವೇ ಅವನಪ್ಪನ ಒರಗು ನೋಡದೆ ಜಾತಕ ಮುಟ್ಟುವುದಿಲ್ಲ. ಸತ್ತವರಿಗೆ ವರ್ಷ ತುಂಬಿದ ದಿನ ಅವರ ಒರಗಿನ ಫೋಟೊ ಗೋಡೆಗೆ ಏರುತ್ತದೆ, ಹಾರ ಬೀಳುತ್ತದೆ. ಬಂದ ನೆಂಟರು ಅದನ್ನು ನೋಡಿ ಸತ್ತವರ ಬಗ್ಗೆ ಒಂದು ಮಾತು ಆಡುತ್ತಾರೆ. ಆ ಮನೆಯಲ್ಲಿ ಮುಂದೆ ಉಳಿಯುವುದು ಆ ಮಾತೇ.

ಇಷ್ಟೆಲ್ಲ ಗೊತ್ತಿದ್ದೂ ಜನ ಪೌಡರು ಹಚ್ಚಿಕೊಂಡು ಬರುತ್ತಾರೆ. ಕ್ರಾಪು ತೀಡುತ್ತಾರೆ, ಹೊಟ್ಟೆ ಒಳಗೆಳೆದುಕೊಂಡು ಕೂರುತ್ತಾರೆ. ನಾನೂ ಅವರಿಗೆಂದು ಕನ್ನಡಿ ಒರೆಸಿಟ್ಟಿರುತ್ತೇನೆ. ನಾಯಿ ಜಾರದಿರಲೆಂದು ಜಮಖಾನದ ಕೆಳಗೆ ಗೋಣಿಚೀಲ ಹಾಸಿರುತ್ತೇನೆ, ನನ್ನ ಕಡೆ ನೋಡಲೆಂದು ಜೇಬಿನಲ್ಲಿ ಒಣಮೀನು ಇಟ್ಟುಕೊಂಡಿರುತ್ತೇನೆ. ಆ ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ, ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಮೀನಿಗೆ ನಾಯಿ ಕಣ್ಣು ಅರಳಿಸುತ್ತದೆ, ಬಾಯಿ ಮುಚ್ಚುತ್ತದೆ, ಕತ್ತು ಓರೆ ಮಾಡುತ್ತದೆ. ಒರಗುವುದು ಮಾತ್ರ ಅದರ ಇಷ್ಟ. ಎಷ್ಟು ಮೀನು ಕೊಟ್ಟರೂ ಒಲ್ಲದವರ ಮೇಲೆ ಒರಗುವುದಿಲ್ಲ.

ಫೋಟೊ ತೆಗೆದವರೇ ಅದನ್ನು ಆ ಮನೆಗೆ ಹೊತ್ತುಕೊಂಡು ಹೋಗಿ, ಮೊಳೆಗೆ ಹಾಕಿ, ಎಲ್ಲರ ಮುಂದೆ ಒಂದು ಮಾತು ಹೇಳಬೇಕು: "ಕೂತಿದ್ದವರು ಇಂಥವರು, ಕಂಡವಳು ನಾನು." ಮನುಷ್ಯನೇ ಕಾಣದ ಫೋಟೊಕ್ಕೆ ಬೇರೆ ಯಾವ ಸಾಕ್ಷಿ ಇದೆ? ಅಪ್ಪ ಸಾಯುವ ತನಕ ಅವನು ಹೇಳಿದ, ಆಮೇಲೆ ನಾನು ಹೇಳುತ್ತಾ ಬಂದೆ. ಹೇಳಿ ಹೇಳಿ ಸಾಕಾಗಿದೆ.

ಪುಟ್ಟನಂಜಮ್ಮನವರು ಸ್ಟುಡಿಯೊಗೆ ಬಂದದ್ದು ಒಂದು ಮಧ್ಯಾಹ್ನ, ನಾನು ಊಟದ ಡಬ್ಬಿ ತೆರೆಯುವ ಹೊತ್ತಿಗೆ. ಅವರ ಮಗ ಪರಶಿವಮೂರ್ತಿ ಸತ್ತು ವರ್ಷ ತುಂಬುವುದರಲ್ಲಿತ್ತು. ಪಾತ್ರೆ ಅಂಗಡಿಯ ಪರಶಿವಮೂರ್ತಿ ಎಂದರೆ ಊರಿಗೆ ಬೇಕಾದವನು. ಬಸ್ ನಿಲ್ದಾಣದಲ್ಲಿ ಬೇಸಿಗೆಯಿಡೀ ನೀರು ಮಜ್ಜಿಗೆ ಇಡಿಸುತ್ತಿದ್ದ, ಸ್ಕೂಲಿಗೆ ಕಂಚಿನ ಗಂಟೆ ಕೊಟ್ಟಿದ್ದ. ಅಂಗಡಿಯಲ್ಲಿ ಕೊಡಪಾನ ತೂಗುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

"ನಮ್ಮ ಮೂರ್ತಿದು ಒಂದು ಫೋಟೊ ನಿನ್ನ ಹತ್ರ ಇರ್ಬೇಕಲ್ಲ ವನಜಾ" ಎಂದರು, ಬೆಂಚಿನ ಮೇಲೆ ಕೂರದೆ ನಿಂತುಕೊಂಡೇ. ಎಪ್ಪತ್ತು ದಾಟಿದರೂ ಬೆನ್ನು ಬಾಗದ ಹೆಂಗಸು.

ಇತ್ತು. ನನಗೆ ಚೆನ್ನಾಗಿ ನೆನಪೂ ಇತ್ತು. ಅವನು ತನ್ನ ನಾಯಿ ಕೆಂಚನನ್ನು ಸರಪಳಿ ಹಿಡಿದು ಎಳೆದುಕೊಂಡು ಬಂದಿದ್ದ. ಬೆಂಚಿನ ಮೇಲೆ ಅವನು ಕೂತ ಕೂಡಲೇ ಕೆಂಚ ಸರಪಳಿ ಎಷ್ಟು ಉದ್ದವಿತ್ತೋ ಅಷ್ಟು ದೂರ ಸರಿದು, ಜಮಖಾನದ ಅಂಚಿಗೆ ಹೋಗಿ, ಬಾಲವನ್ನು ಹೊಟ್ಟೆಗೆ ಸಿಕ್ಕಿಸಿಕೊಂಡು ಗೋಡೆಯ ಕಡೆ ಮುಖ ಮಾಡಿತ್ತು. "ಹೊಸ ಜಾಗ ನೋಡಿ, ಹೆದರಿದೆ" ಎಂದು ನಗುತ್ತಾ ಅವನು ತಲೆ ಸವರಲು ಕೈ ಎತ್ತಿದ. ಎತ್ತಿದ್ದಷ್ಟೇ, ಕೆಂಚ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಅಷ್ಟರಲ್ಲಿ ನಾನು ಗುಂಡಿ ಒತ್ತಿಯಾಗಿತ್ತು. ಇನ್ನೊಂದು ದಿನ ಬರುತ್ತೇನೆ ಎಂದು ಹೋದವನು ಮತ್ತೆ ಬರಲಿಲ್ಲ. ಸ್ಟುಡಿಯೊದ ಒಳಗೆ ಕಂಡದ್ದನ್ನು ಹೊರಗೆ ಆಡಬಾರದು ಎನ್ನುವುದು ನಮ್ಮ ಕಸುಬಿನ ಕಟ್ಟುಪಾಡು. ಆ ನೆಗೆಟಿವ್ ಡಬ್ಬಿಯಲ್ಲೇ ಉಳಿದಿತ್ತು.

ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಪುಟ್ಟನಂಜಮ್ಮನವರು ಬಹಳ ಹೊತ್ತು ನೋಡಿದರು. ಬೇರೆಯವರಾಗಿದ್ದರೆ ಇದೇನು ಇದು ಎಂದು ಕೇಳುತ್ತಿದ್ದರು. ಅವರು ಕೇಳಲಿಲ್ಲ.

"ಇದನ್ನ ಗೋಡೆಗೆ ಹಾಕಕ್ಕಾಗಲ್ಲ" ಎಂದರು.

"ಬೇರೆ ಇಲ್ಲವಲ್ಲ ಅಮ್ಮಾವ್ರೇ."

"ತೆಗೆದ್ರಾಯ್ತು. ಕೆಂಚ ಬದುಕಿದೆ. ನನ್ನ ಸೊಸೆ ಮೇಲೆ ಜೀವ ಅದಕ್ಕೆ, ಅವಳು ಎಲ್ಲಿ ಕೂತ್ರೂ ಬಂದು ಮೈಗೆ ಮೈ ಹಚ್ಚುತ್ತೆ. ಇಂದ್ರಾಣೀನ ಕೂರ್ಸು. ಹೆಂಗೂ ಕೂತೋರು ಯಾರಿಗೂ ಕಾಣಲ್ಲ." ಸೆರಗಿನಿಂದ ಕತ್ತು ಒರೆಸಿಕೊಂಡು ಸೇರಿಸಿದರು, "ನೀನು ಬಂದು ಮೂರ್ತಿ ಅಂತ ಹೇಳಿದ್ರೆ ಮುಗೀತು."

ನಾನು ಡಬ್ಬಿ ಮುಚ್ಚಿಟ್ಟೆ. ಆಗಲ್ಲ ಎಂದೆ. ಅವರು ಜಗಳ ಮಾಡಲಿಲ್ಲ, ಅತ್ತು ಕರೆಯಲೂ ಇಲ್ಲ. "ಹೆತ್ತಿದೀನಿ ವನಜಾ. ನೂರು ಜನದ ಮುಂದೆ ಅವನು ಹಂಗೆ ನಿಲ್ಲೋದನ್ನ ನಾನು ಹೆಂಗೆ ನೋಡ್ಲಿ? ನಾಳೆ ಅವಳನ್ನ ಕರ್ಕೊಂಡು ಬರ್ತೀನಿ, ಅವಳು ಆಗಲ್ಲ ಅಂದ್ರೆ ಬಿಟ್ಬಿಡ್ತೀನಿ" ಎಂದು ಮೆಟ್ಟಿಲಿಳಿದು ಹೋದರು. ಹೊಣೆಯನ್ನು ಸೊಸೆಯ ತಲೆಗೆ ಕಟ್ಟಿ ಹೋದರಲ್ಲ ಎಂದು ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಂಡು ಕೂರುವುದಕ್ಕೂ ಶಕ್ತಿ ಬೇಕು. ಅಷ್ಟರಲ್ಲಿ ಒಬ್ಬರು ಕರೀ ನಾಯಿಮರಿ ಎತ್ತಿಕೊಂಡು ಬಂದರು, ಕರೀ ನಾಯಿಗೆ ಪಕ್ಕದಿಂದ ಬೆಳಕು ಕೊಡದಿದ್ದರೆ ಇದ್ದಿಲಿನ ಮುದ್ದೆಯಾಗುತ್ತದೆ. ದೀಪ ಸರಿಸುತ್ತಾ ಸಂಜೆಯಾಯಿತು.

ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಬಂದರು. ಕೆಂಚ ಇಂದ್ರಾಣಿಯ ಪಕ್ಕದಲ್ಲಿ ಹಗ್ಗವಿಲ್ಲದೆ ನಡೆದು ಬಂತು. ಬಾಗಿಲ ಒಳಗೆ ಕಾಲಿಟ್ಟು ಬೆಂಚನ್ನು ನೋಡಿದ್ದೇ ತಡ, ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಇಂದ್ರಾಣಿ ಗದರಲಿಲ್ಲ, ಎಳೆಯಲಿಲ್ಲ. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇಲ್ಲ ಕಣೋ, ಅವರಿಲ್ಲ, ನಾನು ಕೂತ್ಕೊತೀನಿ" ಎಂದಳು. ಮನುಷ್ಯರಿಗೆ ಹೇಳುವ ಹಾಗೆ ಹೇಳಿದಳು. ಮೂವತ್ತೈದರ ಆಸುಪಾಸಿನ, ಹೆಚ್ಚು ಮಾತಿಲ್ಲದ ಹೆಂಗಸು. ಅವಳ ಬಲಗೈಯ ಮಣಿಕಟ್ಟು ಯಾವುದೋ ಕಾಲದಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಊರಿಗೆಲ್ಲ ಹೇಳಿದ್ದಳು, ಊರು ಹೌದೌದು ಎಂದಿತ್ತು.

ಅವಳು ಬೆಂಚಿನ ಮೇಲೆ ಕೂತಳು. ಕನ್ನಡಿ ಕೊಡಲೇ ಎಂದೆ. ಬೇಡ ಎಂದು ತಲೆಯಾಡಿಸಿದಳು. ಕೆಂಚ ಒಂದು ಸುತ್ತು ಮೂಸಿ ನೋಡಿ, ಬೆಂಚು ಹತ್ತಿ, ಅವಳ ಪಕ್ಕೆಗೆ ತನ್ನ ಮೈಯ ಭಾರವನ್ನೆಲ್ಲ ಬಿಟ್ಟು, ಆ ಸೊಟ್ಟ ಮಣಿಕಟ್ಟಿನ ಮೇಲೆ ಗದ್ದ ಇಟ್ಟು ಉಸಿರು ಬಿಟ್ಟಿತು. ದಿನಾ ಇಡುವ ಜಾಗವೇ ಅದು ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ನಾನು ನೆಲದ ಮೇಲೆ ಮಲಗಿ ಕ್ಯಾಮೆರಾದ ಕಿಂಡಿಯಲ್ಲಿ ನೋಡಿದೆ. ಎಷ್ಟೊಂದು ನಾಯಿಗಳನ್ನು ಕಂಡವಳು ನಾನು, ಅಂಥ ಒರಗನ್ನು ಕಂಡಿರಲಿಲ್ಲ. ಜೇಬಿನ ಮೀನಿಗೆ ಕೈ ಹಾಕುವ ಅಗತ್ಯವೇ ಬೀಳಲಿಲ್ಲ.

"ತೆಗಿ ವನಜಾ" ಎಂದರು ಪುಟ್ಟನಂಜಮ್ಮನವರು.

"ತಡೀರಿ ವನಜಕ್ಕ" ಎಂದಳು ಇಂದ್ರಾಣಿ. ಅತ್ತೆಯ ಕಡೆ ತಿರುಗಲಿಲ್ಲ, ಕೆಂಚನ ನೆತ್ತಿ ನೋಡುತ್ತಲೇ ಮಾತಾಡಿದಳು. "ಅತ್ತೆ, ಅವರು ಕೂರು ಅಂದಾಗ ಕೂತೆ, ಏಳು ಅಂದಾಗ ಎದ್ದೆ. ಈಗ ಅವರೇ ಆಗಿ ಕೂತ್ಕೊಬೇಕಾ? ಆ ಮನೇಲಿ ನಂದು ಅಂತ ಇರೋದು ಇದೊಂದು ಪ್ರಾಣಿ ನನ್ನ ಮೇಲೆ ಇಟ್ಟಿರೋ ಜೀವ. ಅದನ್ನೂ ಅವರ ಹೆಸರಿಗೆ ಕೊಟ್ಟುಬಿಡ್ಲಾ?"

"ಏನಾಗುತ್ತೆ ಈಗ? ನಾನು ಕೂತ್ಕೊಳ್ಳಿಲ್ವಾ?"

ಹಾಗೆ ಅಂದ ಮೇಲೆ ಪುಟ್ಟನಂಜಮ್ಮನವರಿಗೇ ಗಾಬರಿಯಾಯಿತೆಂದು ಕಾಣುತ್ತದೆ. ಬಾಯಿಗೆ ಸೆರಗು ಒತ್ತಿ ಹಿಡಿದರು. ನಾನು ನೆಲದ ಮೇಲಿಂದಲೇ ಕತ್ತೆತ್ತಿ ನೋಡಿದೆ. ಅವರ ಗಂಡ ಮರಿಬಸಪ್ಪನವರ ಫೋಟೊ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಅವರ ಹಜಾರದಲ್ಲಿ, ಬಾಗಿಲಿಗೆ ಎದುರಾಗಿ ತೂಗುಹಾಕಿದೆ. ಹಂಡ ಎಂಬ ನಾಯಿ ಕಣ್ಣು ಮುಚ್ಚಿ, ಕತ್ತನ್ನೇ ಕೊಟ್ಟುಬಿಟ್ಟ ಹಾಗೆ ಒರಗಿದೆ. ಸಂಬಂಧ ಕುದುರಿಸುವವರು ಗಂಡನ್ನು ಹೊಗಳುವಾಗ "ಮರಿಬಸಪ್ಪನೋರ ಒರಗು ಕಣ್ರೀ" ಎನ್ನುವುದು ಇವತ್ತಿಗೂ ಉಂಟು. ಆ ಫೋಟೊ ತೆಗೆದವನು ನನ್ನಪ್ಪ. ಗೋಡೆಯ ಮುಂದೆ ನಿಂತು, "ಕೂತಿದ್ದವರು ಮರಿಬಸಪ್ಪನವರು, ಕಂಡವನು ನಾನು" ಎಂದು ಹೇಳಿದವನೂ ಅವನೇ.

"ನಮ್ಮತ್ತೆ ಕೂರ್ಸಿದ್ರು" ಎಂದರು ಪುಟ್ಟನಂಜಮ್ಮನವರು, ಯಾರನ್ನೂ ನೋಡದೆ. "ಹಂಡ ನಮ್ಮೆಜಮಾನ್ರನ್ನ ಕಂಡ್ರೆ ಮಂಚದ ಕೆಳಗೆ ಹೋಗೋದು. ನಾನೂ ಹೋಗ್ತಿದ್ದೆ, ನಂಗೆ ಮಂಚದ ಕೆಳಗೆ ಜಾಗ ಇರ್ಲಿಲ್ಲ ಅಷ್ಟೇ. ಮನೆ ಮರ್ವಾದೆ ಅಂದ್ರು ಅತ್ತೆ, ಕೂತೆ. ನಿಮ್ಮಪ್ಪ ಒಳ್ಳೆ ಮನುಷ್ಯ, ಬಾಯಿ ಬಿಡ್ಲಿಲ್ಲ."

ಒಳ್ಳೆ ಮನುಷ್ಯ. ನನಗೆ ಅಪ್ಪನ ಮೇಲೆ ಹೇಳಲಾಗದಷ್ಟು ಬೇಸರವಾಯಿತು. ನಾಯಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂದು ಕಲಿಸಿದವನು ಗೋಡೆಯ ಮುಂದೆ ನೆಟ್ಟಗೆ ನಿಂತು ಸುಳ್ಳು ಹೇಳಿದ್ದ. ಅದೊಂದೇ ಮನೆಯಲ್ಲೋ, ಎಷ್ಟು ಮನೆಗಳಲ್ಲೋ.

ಇಂದ್ರಾಣಿ ಈಗ ಅತ್ತೆಯ ಕಡೆ ತಿರುಗಿದಳು. "ಹಂಗಾದ್ರೆ ದಿನಾ ಬೆಳಿಗ್ಗೆ ಸ್ನಾನ ಮಾಡಿ ನೀವು ಹಾರ ಹಾಕ್ತಿದ್ರಲ್ಲ ಅತ್ತೆ, ಅದು ಯಾರಿಗೆ?"

ಪುಟ್ಟನಂಜಮ್ಮನವರು ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತರು. "ನಂಗೇ ಕಣೇ" ಎಂದರು.

ಆ ಹೊತ್ತಿನಲ್ಲಿ ನನ್ನ ಬೆರಳು ಗುಂಡಿ ಒತ್ತಿತು. ಬೇಕೆಂದು ಒತ್ತಿದ್ದಲ್ಲ, ಕೆಂಚ ಬಾಯಿ ಮುಚ್ಚಿ ಕಣ್ಣೆತ್ತಿ ಇಂದ್ರಾಣಿಯನ್ನು ನೋಡಿತು, ಅಭ್ಯಾಸ ಬಲದಿಂದ ಕೈ ಓಡಿತು. ಸದ್ದು ಕೇಳಿ ಇಂದ್ರಾಣಿ ಎದ್ದಳು. "ಇದು ನಂದು ವನಜಕ್ಕ" ಎಂದಳು. "ಕೆಳಗೆ ನನ್ನ ಹೆಸರು ಬರೀರಿ. ಅವರ ಫೋಟೊ ಅವರದ್ದೇ ಇದೆಯಲ್ಲ." ಕೆಂಚ ಅವಳ ಹಿಂದೆಯೇ ಇಳಿದು ಹೋಯಿತು. ಪುಟ್ಟನಂಜಮ್ಮನವರು ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದು, ನನ್ನ ಕೈ ಹಿಡಿದು ಎದ್ದರು. ಇಬ್ಬರ ಮೊಣಕಾಲೂ ಒಟ್ಟಿಗೆ ಸದ್ದು ಮಾಡಿದವು. ಯಾವ ಫೋಟೊ ತರಬೇಕು ಎಂದು ಕೇಳಿದೆ. ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು.

ವರ್ಷದ ಕಾರ್ಯದ ದಿನ ಎರಡು ಫೋಟೊಗಳಿಗೂ ಕಟ್ಟು ಹಾಕಿಸಿ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹೊರಟೆ. ದಾರಿಯುದ್ದಕ್ಕೂ ಯೋಚನೆ ಒಂದೇ. ಪುಟ್ಟನಂಜಮ್ಮನವರು ಎಲ್ಲರೆದುರು ಇಂದ್ರಾಣಿಯ ಫೋಟೊವನ್ನೇ ಎತ್ತಿಕೊಂಡು ಮಗನದು ಎಂದರೆ ನಾನೇನು ಮಾಡಲಿ? ಆ ಹಣ್ಣು ಮುದುಕಿಯನ್ನು ನೆಂಟರ ಮುಂದೆ ಸುಳ್ಳುಗಾತಿ ಎನ್ನಲೇ? ಸುಮ್ಮನಿದ್ದು ಇಂದ್ರಾಣಿಯನ್ನು ಜೀವಂತ ಗೋಡೆಗೆ ಹಾಕಲೇ? ಯಾವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ. ಮನೆಗೆ ಹೋಗಿ ಮಲಗಿಬಿಡೋಣ ಎನ್ನಿಸಿತು. ಹಾಗೆಂದುಕೊಳ್ಳುತ್ತಲೇ ಅವರ ಮನೆ ಬಂತು.

ಹಜಾರ ತುಂಬಿತ್ತು. ಅಂಗಡಿ ಬೀದಿಯ ಅಷ್ಟೂ ಜನ, ಸ್ಕೂಲಿನ ಮೇಷ್ಟರು, ಹೆಂಗಸರ ಒಂದು ದಂಡು. ಮರಿಬಸಪ್ಪನವರ ಫೋಟೊದ ಪಕ್ಕದಲ್ಲಿ ಹೊಸ ಮೊಳೆ ಹೊಡೆದಿದ್ದರು. ಅಡುಗೆಮನೆಯ ಬಾಗಿಲಲ್ಲಿ ಇಂದ್ರಾಣಿ, ಅವಳ ಕಾಲಿಗೆ ಒರಗಿ ಕೆಂಚ. ಅವಳು ನನ್ನನ್ನೇ ನೋಡುತ್ತಿದ್ದಳು.

"ಯಾವ್ದು ತಂದೆ?" ಎಂದರು ಪುಟ್ಟನಂಜಮ್ಮನವರು.

"ಎರಡೂ ತಂದಿದೀನಿ."

ಅವರು ಪಂಚೆ ಬಿಚ್ಚಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಇಂದ್ರಾಣಿಯದನ್ನು ಎತ್ತಿದರು. ಅದನ್ನು ಸೆರಗಿನಿಂದ ಒರೆಸಿ, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಸೊಸೆಯ ಕೈಗೆ ಕೊಟ್ಟರು. "ಒಳಗಿಡು, ಕೈ ಮುಟ್ಟಿ ಎಲ್ಲಾರೂ ಹಾಳು ಮಾಡ್ತಾರೆ" ಎಂದರು. ತಿರುಗಿ ಬಂದು ಇನ್ನೊಂದನ್ನು ನನ್ನ ಕೈಗಿಟ್ಟರು. "ನಾನೇ ಹೆತ್ತಿದ್ದು. ಹೊಡೆಯೋದನ್ನ ಅವರಪ್ಪನ್ನ ನೋಡಿ ಕಲಿತ, ನಾನು ಸುಮ್ನಿದ್ದೆ. ಹೆಂಗಿದ್ನೋ ಹಂಗೇ ಇರ್ಲಿ. ಹಾಕು."

ಹಾಕಿದೆ. ಕೂತಿದ್ದವರು ಪರಶಿವಮೂರ್ತಿ, ಕಂಡವಳು ನಾನು ಎಂದೆ. ಆ ಮಾತು ಅಷ್ಟು ಹಗುರವಾಗಿ ನನ್ನ ಬಾಯಿಂದ ಯಾವತ್ತೂ ಬಂದಿರಲಿಲ್ಲ. ಜನ ನೋಡಿದರು. ಖಾಲಿ ಬೆಂಚು, ಬಿಗಿದ ಸರಪಳಿ, ಜಮಖಾನದ ಅಂಚಿನಲ್ಲಿ ಗೋಡೆಗೆ ಮುಖ ಮಾಡಿ ಮುದುಡಿದ ನಾಯಿ. ಓದಲು ಬಾರದವರು ಅಲ್ಲಿ ಯಾರೂ ಇರಲಿಲ್ಲ. ಮಜ್ಜಿಗೆ, ಗಂಟೆ ಎಂದು ಮಾತು ಸಿದ್ಧ ಮಾಡಿಕೊಂಡು ಬಂದಿದ್ದ ಮೇಷ್ಟರು ಕೆಮ್ಮಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

ಪುಟ್ಟನಂಜಮ್ಮನವರು ಒಂದು ಸ್ಟೂಲು ಎಳೆದರು. ಹೊಸ ಹಾರ ಹಾಕುತ್ತಾರೆಂದು ಎಲ್ಲರೂ ಅಂದುಕೊಂಡೆವು. ಅವರು ಹತ್ತಿದ್ದು ಮರಿಬಸಪ್ಪನವರ ಫೋಟೊದ ಎದುರಿಗೆ. ಬೆಳಿಗ್ಗೆ ತಾನೇ ಹಾಕಿದ್ದ ಹಾರವನ್ನು ತೆಗೆದರು. ಗಾಜಿನ ಮೇಲಿನ ಕುಂಕುಮವನ್ನು ಉಗುಳು ಹಚ್ಚಿ ಉಜ್ಜಿ ಉಜ್ಜಿ ಅಳಿಸಿದರು.

"ಅಮ್ಮಾ, ಏನಿದು?" ಎಂದರು ಮೇಷ್ಟರು.

"ಬದುಕಿರೋರಿಗೆ ಹಾರ ಹಾಕ್ಬಾರ್ದಪ್ಪ" ಎಂದು ಸ್ಟೂಲಿನ ಮೇಲಿಂದಲೇ ಹೇಳಿದರು. "ಇದರಲ್ಲಿ ಕೂತಿರೋಳು ನಾನು. ಕಂಡೋನು ಇವಳಪ್ಪ, ಅವನು ಸತ್ತ. ಅದಕ್ಕೇ ನಾನೇ ಹೇಳ್ತಿದೀನಿ."

ಇಳಿಯಲು ಅವರಿಗೆ ಆಗಲಿಲ್ಲ. ಇಂದ್ರಾಣಿ ಓಡಿಬಂದು ಸೊಟ್ಟ ಕೈಯನ್ನೇ ಕೊಟ್ಟಳು, ಅವರು ಅದನ್ನು ಹಿಡಿದು ಇಳಿದರು. ಆ ಹಾರವನ್ನು ಮಗನ ಫೋಟೊಕ್ಕೆ ಹಾಕಿ, ಉಸ್ಸೆಂದು ಗೋಡೆಗೆ ಒರಗಿ ಕೂತು, ಬಿಸಿಲೇರಿತು, ಎಲೆ ಹಾಕ್ರಪ್ಪ ಎಂದರು.

ಎಲೆ ಹಾಕಿದರು. ಗಂಡಸರು ತಲೆ ತಗ್ಗಿಸಿಕೊಂಡು ಸಾಲಾಗಿ ಕೂತರು. ಹೆಂಗಸರ ಸಾಲಿನಲ್ಲಿ ನಾನು ಕೂತು ಅತ್ತಿತ್ತ ನೋಡಿದರೆ ಅರ್ಧಕ್ಕರ್ಧ ಎಲೆಗಳ ಮುಂದೆ ಯಾರೂ ಇರಲಿಲ್ಲ. ಬಡಿಸುವವನು ಪಲ್ಯದ ಬಟ್ಟಲು ಹಿಡಿದುಕೊಂಡು, ಇವರೆಲ್ಲ ಎಲ್ಲಿ ಹೋದರು ಎಂದು ಕೇಳಿದ. ತಂತಮ್ಮ ಮನೆಗೆ ಹೋಗಿದ್ದಾರೆ, ಹಾರ ತೆಗೆದು ಬರುತ್ತಾರೆ, ಎಲೆ ಎತ್ತಬೇಡ ಎಂದೆ.